ಪ್ರೊಸೆಸರ್ ಮುಟ್ಟಬಾರದ ಚಿತ್ರ: ಸಣ್ಣ ಸಾಧನಗಳ ವಿಡಿಯೊ ಡ್ರೈವರ್ ಕುರಿತು

ಇಂದು ಯಾರ ಕಣ್ಣಿಗೂ ಬೀಳದ ಒಂದು ಕೆಲಸದ ಬಗ್ಗೆ ಮಾತಾಡುತ್ತೇನೆ. ಬಾಗಿಲ ಬಳಿಯ ಕ್ಯಾಮೆರಾ, ಬಸ್ಸಿನೊಳಗಿನ ಪರದೆ, ಆಸ್ಪತ್ರೆಯ ಮಾನಿಟರ್, ಇವುಗಳ ಒಳಗೆ ಚಿತ್ರವನ್ನು ಸಾಗಿಸುವ ವಿಡಿಯೊ ಡ್ರೈವರ್ ಎಂಬ ತಂತ್ರಾಂಶದ ಕೆಲಸ ಅದು.

ಮೊದಲು ಒಂದು ಲೆಕ್ಕ ಹಾಕೋಣ. 1920 ಅಗಲ, 1080 ಎತ್ತರದ ಒಂದು ಫ್ರೇಮಿನಲ್ಲಿ ಪಿಕ್ಸೆಲ್ಲಿಗೆ 2 ಬೈಟಿನಂತೆ 41,47,200 ಬೈಟ್ ಆಗುತ್ತದೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಸುಮಾರು 12.4 ಕೋಟಿ ಬೈಟ್. ಇದನ್ನು ಒಮ್ಮೆ ನಕಲು ಮಾಡಲು ಅಷ್ಟನ್ನೂ ಓದಬೇಕು, ಅಷ್ಟನ್ನೂ ಬರೆಯಬೇಕು. ಮೆಮೊರಿಯ ದಾರಿಯಲ್ಲಿ ಓಡಾಟ 25 ಕೋಟಿ ಬೈಟಿನ ಹತ್ತಿರ. ಕ್ಯಾಮೆರಾದಿಂದ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಬಂದದ್ದನ್ನು ಅಪ್ಲಿಕೇಶನ್ನಿಗೊಮ್ಮೆ, ಅಲ್ಲಿಂದ ಪರದೆಗೊಮ್ಮೆ ನಕಲು ಮಾಡಿದರೆ ಅದೂ ಇಮ್ಮಡಿ. ಇಷ್ಟೆಲ್ಲ ಆದರೂ ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗಿಲ್ಲ! ಸಣ್ಣ ಸಾಧನದಲ್ಲಿ ಪ್ರೊಸೆಸರ್ ಬಳಲುವುದು ಹೆಚ್ಚಾಗಿ ಗಣಿತದಿಂದಲ್ಲ, ಈ ಹೊರುವ ಕೆಲಸದಿಂದ. ಜೊತೆಗೆ ಇನ್ನೊಂದು ಹಾನಿಯೂ ಇದೆ. ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರಿನ ಎರಡನೇ ಹಂತದ ಕ್ಯಾಶ್, ಅಂದರೆ ಪ್ರೊಸೆಸರಿನ ಪಕ್ಕದ ವೇಗದ ಮೆಮೊರಿ, 512 ಕಿಲೋಬೈಟ್ ಮಾತ್ರ. ಅದರ ಸುಮಾರು ಎಂಟು ಪಟ್ಟು ದೊಡ್ಡ ಫ್ರೇಮ್ ಹಾದುಹೋದರೆ ಬೇರೆ ಕೆಲಸಗಳು ಅಲ್ಲಿ ಇಟ್ಟುಕೊಂಡಿದ್ದೆಲ್ಲ ಕೊಚ್ಚಿಹೋಗುತ್ತದೆ.

ನಮ್ಮ ಕೆರೆಗಳ ನೀರುಗಂಟಿ ಕೊಡದಲ್ಲಿ ನೀರು ಹೊತ್ತು ಗದ್ದೆಗೆ ಸುರಿಯುತ್ತಿರಲಿಲ್ಲ. ಯಾವ ತೂಬು, ಯಾವ ಹೊತ್ತಿಗೆ, ಯಾರ ಸರದಿ ಎಂದು ನೋಡಿ ತೆಗೆಯುತ್ತಿದ್ದ, ಮುಚ್ಚುತ್ತಿದ್ದ. ಒಳ್ಳೆಯ ಡ್ರೈವರ್ ಪ್ರೊಸೆಸರಿಗೆ ಕೊಡಬೇಕಾದ ಕೆಲಸ ಅಷ್ಟೇ. ಹರಿಸುವುದು ಡಿಎಂಎ ಎಂಬ ಯಂತ್ರಾಂಶದ ಪಾಲಿಗೆ ಬಿಟ್ಟದ್ದು.

ಲಿನಕ್ಸ್ ಈ ಹಾದಿಯನ್ನು ಹಂತಹಂತವಾಗಿ ಕಟ್ಟಿಕೊಂಡಿತು. ಅದರ ವಿಡಿಯೊ ವ್ಯವಸ್ಥೆಯಾದ ವಿಡಿಯೊ ಫಾರ್ ಲಿನಕ್ಸ್‌ನಲ್ಲಿ ರೀಡ್ ಎಂದು ಕರೆದರೆ ಒಂದು ನಕಲು ಖಚಿತ. ಎಂಮ್ಯಾಪ್ ಕ್ರಮದಲ್ಲಿ ಕರ್ನಲ್‌ನ ಬಫರನ್ನೇ, ಅಂದರೆ ಚಿತ್ರ ಬಂದಿಳಿಯುವ ಮೆಮೊರಿಯ ತುಂಡನ್ನೇ, ಅಪ್ಲಿಕೇಶನ್ನಿಗೆ ಕಾಣುವಂತೆ ಮಾಡಿ, ಆಮೇಲೆ ಬಫರಿನ ಸಂಖ್ಯೆಯನ್ನು ಮಾತ್ರ ಅತ್ತಿಂದಿತ್ತ ಕಳಿಸುತ್ತಾರೆ. 2011ರಲ್ಲಿ ಬಂದ ವಿಡಿಯೊಬಫ್2 ಈ ಬಫರುಗಳ ಸರದಿ ನೋಡಿಕೊಳ್ಳುವ ಹೊಣೆಯನ್ನು ಪ್ರತಿ ಡ್ರೈವರ್ ಬರೆಯುವವರ ತಲೆಯಿಂದ ಇಳಿಸಿತು. 2012ರಲ್ಲಿ ಸುಮಿತ್ ಸೆಮ್ವಾಲ್ ಮುಂದಾಳತ್ವದಲ್ಲಿ ಕರ್ನಲ್ 3.3ಕ್ಕೆ ಸೇರಿದ ಡಿಎಂಎ-ಬಫ್ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಕ್ಯಾಮೆರಾ ತುಂಬಿದ ಬಫರನ್ನು ಎನ್‌ಕೋಡರಿಗೋ ಪರದೆಗೋ ಫೈಲ್ ಡಿಸ್ಕ್ರಿಪ್ಟರ್ ಎಂಬ ಒಂದು ಸಂಖ್ಯೆಯ ಮೂಲಕ ಹಾಗೆಯೇ ಕೊಡಬಹುದು. ಮೂರು ಬೇರೆ ಬೇರೆ ಯಂತ್ರಾಂಶಗಳು ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ, ಪ್ರೊಸೆಸರ್ ಒಂದು ಪಿಕ್ಸೆಲ್ಲನ್ನೂ ನೋಡುವುದಿಲ್ಲ.

ನಕಲು ತಪ್ಪಿಸಲಾಗದ ಕಡೆಯೂ ಇವೆ. ಯುಎಸ್‌ಬಿ ಕ್ಯಾಮೆರಾ ಕಳಿಸುವ ಪ್ರತಿ ತುಣುಕಿನ ತಲೆಯಲ್ಲೂ ಒಂದು ಚಿಕ್ಕ ಹೆಡರ್ ಇರುತ್ತದೆ. ಅದನ್ನು ಕಿತ್ತು ಉಳಿದದ್ದನ್ನು ಫ್ರೇಮಿನಲ್ಲಿ ಜೋಡಿಸಲು ಪ್ರೊಸೆಸರೇ ಬರಬೇಕು. ಇಲ್ಲಿ ಎಆರ್‌ಎಂ ಸಾಧನಗಳಲ್ಲಿ ಬಹುಕಾಲ ಒಂದು ತೊಡಕಿತ್ತು. ಆ ತುಣುಕುಗಳು ಬಂದಿಳಿಯುವ ಬಫರು ಕ್ಯಾಶ್ ಇಲ್ಲದ ಮೆಮೊರಿಯಲ್ಲಿ ಇರುತ್ತಿತ್ತು, ಹಾಗಾಗಿ ಪ್ರತಿ ಓದಿಗೂ ದೂರದ ಡಿರ್‍ಯಾಮ್‌ವರೆಗೆ ಹೋಗಿ ಬರಬೇಕಿತ್ತು. ಮುಂದೆ ಈ ಕ್ಯಾಮೆರಾಗಳ ಯುವಿಸಿ ಡ್ರೈವರನ್ನು ಕ್ಯಾಶ್ ಇರುವ ಬಫರು ಬಳಸುವಂತೆ, ಓದುವ ಮುನ್ನ ಒಮ್ಮೆ ಮಾತ್ರ ಕ್ಯಾಶನ್ನು ಸರಿಹೊಂದಿಸುವಂತೆ ತಿದ್ದಿದರು. ಹೊಸ ಚಿಪ್ ಬೇಕಾಗಲಿಲ್ಲ, ಮೆಮೊರಿ ಕೇಳುವ ರೀತಿ ಬದಲಾದದ್ದಕ್ಕೇ ಹೊರೆ ಬಹಳ ಇಳಿಯಿತು. ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಪ್ರೊಸೆಸರ್ ಆ ಚಿತ್ರವನ್ನು ಮುಟ್ಟುವುದೇ ಇಲ್ಲವೆಂದಾದರೆ ಕ್ಯಾಶ್ ಸರಿಹೊಂದಿಸುವ ಕೆಲಸವೂ ದಂಡವೇ. ಅದನ್ನು ಬಿಡಿ ಎಂದು ಹೇಳಲು ಬಫರಿಗೆ ಬೇರೆಯೇ ಫ್ಲ್ಯಾಗ್‌ಗಳಿವೆ.

ಯಂತ್ರಾಂಶ ಪ್ರೊಸೆಸರನ್ನು ಕರೆದೆಬ್ಬಿಸುವ ಇಂಟರಪ್ಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಾಲಿಗೊಂದರಂತೆ ಬಂದರೆ ಸೆಕೆಂಡಿಗೆ 32,400, ಫ್ರೇಮಿಗೊಂದಾದರೆ 30. ಬಣ್ಣದ ನಮೂನೆಯ ವಿಷಯದಲ್ಲಿ ಮಾತ್ರ ಎಳೆಯರು ಎಚ್ಚರ ವಹಿಸಬೇಕು. ಎನ್‌ಕೋಡರ್ ಪಿಕ್ಸೆಲ್ಲಿಗೆ ಒಂದೂವರೆ ಬೈಟಿನ ಎನ್‌ವಿ12 ನಮೂನೆ ಬಯಸುವಾಗ ಕ್ಯಾಮೆರಾದಿಂದ ಬೇರೆ ನಮೂನೆ ತೆಗೆದು ತಂತ್ರಾಂಶದಲ್ಲಿ ಪರಿವರ್ತಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮೂಲದಲ್ಲೇ ಎನ್‌ವಿ12 ಕೇಳಿದರೆ ಪರಿವರ್ತನೆಯೂ ಇಲ್ಲ, ಫ್ರೇಮೂ 31,10,400 ಬೈಟಿಗೆ ಇಳಿಯುತ್ತದೆ. ಪರದೆಯ ಕಡೆ ಓವರ್‌ಲೇ ಪದರವಿದ್ದರೆ ಹಿಗ್ಗಿಸುವ, ಬಣ್ಣ ಬದಲಿಸುವ ಕೆಲಸವನ್ನೂ ಅದಕ್ಕೇ ಒಪ್ಪಿಸಬಹುದು.

ಇವೆಲ್ಲದಕ್ಕೂ ಮೊದಲು ಅಳೆಯಬೇಕು. ಟಾಪ್ ಎಂಬ ಆದೇಶ ತೋರಿಸುವ ಶೇಕಡಾವಾರು ಸಾಲದು. ನಕಲು ಮಾಡುವ ಮೆಮ್‌ಕಾಪಿಯಲ್ಲಿ ಎಷ್ಟು ಹೊತ್ತು ಕಳೆಯುತ್ತಿದೆ ಎಂಬುದನ್ನು ಪರ್ಫ್ ಎಂಬ ಅಳತೆಯ ಸಲಕರಣೆ ಹಿಡಿದು ನೋಡಬೇಕು. ಅಳೆಯದೆ ವೇಗದ ಚಿಪ್ ಕೊಳ್ಳುವುದು ದುಂದು. ಆ ಹಣವನ್ನು ಕೊನೆಗೆ ತೆರುವವರು ಬಳಕೆದಾರರು, ಬ್ಯಾಟರಿಯಲ್ಲೂ ಬಿಸಿಯಲ್ಲೂ ತೆರುವವರು ಅವರೇ.

ಕೊನೆಗೆ ಇದನ್ನೆಲ್ಲ ಕಲಿಸುವ ಮಾತು. ಚಿಪ್ ಕಂಪನಿಯಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಿತು. ಚಿಪ್ ವಿನ್ಯಾಸ ಈ ಊರಿಗೆ ಹೊಸದಲ್ಲ. ಆದರೂ ಕರ್ನಲ್‌ನ ಮೂಲಪಠ್ಯವನ್ನು ತೆರೆದು ಓದಿಸುವ ತರಗತಿಗಳು ನಮ್ಮಲ್ಲಿ ಕಡಿಮೆ. ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಲಿನಕ್ಸ್‌ನಲ್ಲಿ ವಿವಿಡ್ ಎಂಬ ಡ್ರೈವರ್ ಇದೆ. ಅದು ಇಲ್ಲದ ಕ್ಯಾಮೆರಾವನ್ನು ಇರುವಂತೆ ನಟಿಸುತ್ತದೆ. ಅದಕ್ಕೆ ಬೋರ್ಡ್ ಬೇಡ, ಅನುದಾನ ಬೇಡ, ಒಂದು ಹಳೆಯ ಕಂಪ್ಯೂಟರ್ ಸಾಕು. ಈ ವರ್ಷವೇ ನಿಮ್ಮ ವಿದ್ಯಾರ್ಥಿಗಳಿಂದ ಅದನ್ನು ಓದಿಸಿ. ಬಫರ್ ಎಲ್ಲಿ ಹುಟ್ಟಿ ಎಲ್ಲೆಲ್ಲಿ ನಕಲಾಗುತ್ತದೆ ಎಂದು ಅವರೇ ಗುರುತಿಸಲಿ.