ಮಾಂಟ್ರಿಯಲಿನಲ್ಲಿ ಮೊದಲ ಮಾತು

(ಬಾನುಲಿ ಭಾಷಣ)

ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರಲೆಂದು ಕೆನಡಾ ದೇಶದ ಮಾಂಟ್ರಿಯಲ್ ನಗರಕ್ಕೆ ಹೊರಟಾಗ ಹಿತೈಷಿಗಳು ಕೊಟ್ಟ ಬುದ್ಧಿಮಾತುಗಳೆಲ್ಲ ಚಳಿಯನ್ನು ಕುರಿತವೇ ಆಗಿದ್ದುವು. ಉಣ್ಣೆಯ ಕಾಲುಚೀಲ ಎಷ್ಟು ಜೊತೆ ಬೇಕು, ಕಿವಿಯನ್ನು ಹೇಗೆ ಮುಚ್ಚಿಕೊಳ್ಳಬೇಕು, ಹಿಮದ ಮೇಲೆ ಹೆಜ್ಜೆ ಹೇಗೆ ಇಡಬೇಕು, ಎಲ್ಲವನ್ನೂ ಹೇಳಿದರು. ಬಾಯಿಯನ್ನು ಹೇಗೆ ತೆರೆಯಬೇಕೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಇಂಗ್ಲಿಷ್ ಬಲ್ಲವನಿಗೆ ಕೆನಡಾದಲ್ಲಿ ಭಾಷೆಯ ತೊಡಕೇನು ಎಂದು ಅವರೂ ಭಾವಿಸಿದ್ದರು, ನಾನೂ ಭಾವಿಸಿದ್ದೆ.

ಹೋದ ಮೂರನೆಯ ದಿನವೇ ಆ ಭಾವನೆ ಮುರಿಯಿತು. ಮಗಳ ಮನೆಯ ಮೂಲೆಯಲ್ಲಿ ಒಂದು ಸಣ್ಣ ಅಂಗಡಿ. ಹಾಲು, ಬ್ರೆಡ್ಡು, ವೃತ್ತಪತ್ರಿಕೆ ಮಾರುವ ಇಂಥ ಅಂಗಡಿಗೆ ಅಲ್ಲಿಯವರು ‘ದೆಪಾನೊರ್’ ಎನ್ನುತ್ತಾರೆ. ಆಪತ್ತಿನಲ್ಲಿ ಕೈಹಿಡಿಯುವವನು ಎಂದು ಅದರ ಅರ್ಥ. ಗಲ್ಲಾದ ಬಳಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ಮುಖ ನಮ್ಮ ಕಡೆಯದು. ಅವಳ ತಂದೆತಾಯಿಗಳು ಜಾಫ್ನಾದಿಂದ ಬಂದ ತಮಿಳರೆಂದು ಅನಂತರ ತಿಳಿಯಿತು. ನಮ್ಮವಳೇ ಎಂಬ ಸಲುಗೆಯಿಂದ ನಾನು ಒಳಹೊಕ್ಕವನೇ ಇಂಗ್ಲಿಷಿನಲ್ಲಿ “ಹಾಲು ಎಲ್ಲಿದೆ?” ಎಂದು ಕೇಳಿದೆ. ಅವಳು ನನ್ನನ್ನು ನೋಡಿ “ಬೊಂಜೂರ್” ಎಂದಳು. ನಾನು ಮತ್ತೆ ಹಾಲಿನ ಪ್ರಶ್ನೆಯನ್ನೇ ಕೇಳಿದೆ. ಅವಳು ಮತ್ತೆ “ಬೊಂಜೂರ್” ಎಂದು ಸುಮ್ಮನೆ ಕಾದಳು. ಕೋಪವಿರಲಿಲ್ಲ, ನಗೆಯೂ ಇರಲಿಲ್ಲ. ಕೊನೆಗೆ ನಾನು ತಡವರಿಸುತ್ತ “ಬೊಂಜೂರ್” ಎಂದೆ. ಒಡನೆಯೇ ಅವಳು ಸೊಗಸಾದ ಇಂಗ್ಲಿಷಿನಲ್ಲಿ, ಹಾಲು ಎಡಗಡೆಯ ಕಪಾಟಿನಲ್ಲಿದೆಯೆಂದೂ ದೊಡ್ಡ ಡಬ್ಬಿ ಕೊಂಡರೆ ಅಗ್ಗವೆಂದೂ ತಿಳಿಸಿದಳು.

ಮನೆಗೆ ಬಂದು ಈ ಹುಡುಗಿಯ ಅಹಂಕಾರವನ್ನು ಮಗಳ ಮುಂದೆ ದೂರಿದೆ. “ಅಹಂಕಾರ ಯಾರದು ಅಪ್ಪ?” ಎಂದಳು ಮಗಳು. “ನಮ್ಮೂರಿನಲ್ಲಿ ಯಾರಾದರೂ ಮನೆಯ ಹೊಸಿಲು ದಾಟಿದವರೇ, ಕುಶಲ ಕೇಳದೆ, ನಮಸ್ಕಾರ ಎನ್ನದೆ, ಹಾಲು ಎಲ್ಲಿದೆ ಎಂದರೆ ನೀವು ಏನು ಹೇಳುತ್ತಿದ್ದಿರಿ?”

ಫ್ರೆಂಚ್ ಮಾತನಾಡುವ ಜನ ಅಂಗಡಿಯನ್ನು ಹೆಚ್ಚುಕಡಮೆ ಮನೆಯಂತೆಯೇ ಕಾಣುತ್ತಾರೆ. ಪ್ಯಾರಿಸಿನಲ್ಲಾಗಲಿ ಮಾಂಟ್ರಿಯಲಿನಲ್ಲಾಗಲಿ, ಒಳಗೆ ಕಾಲಿಟ್ಟಾಗ ‘ಬೊಂಜೂರ್’ ಎನ್ನಬೇಕು. ಹೊರಡುವಾಗ, ಏನನ್ನೂ ಕೊಳ್ಳದಿದ್ದರೂ, ‘ಮೆರ್ಸಿ, ಬೊನ್ ಜುರ್ನೆ’ ಎನ್ನಬೇಕು. ಬಸ್ಸು ಹತ್ತುವಾಗ ಚಾಲಕನಿಗೂ ಒಂದು ಬೊಂಜೂರ್ ಸಲ್ಲುತ್ತದೆ. ದಾರಿ ಕೇಳುವುದಾದರೂ ಮೊದಲು ಬೊಂಜೂರ್, ಆಮೇಲೆ ಪ್ರಶ್ನೆ. ನಾವು ವಿನಯವನ್ನೆಲ್ಲ ‘ಪ್ಲೀಸ್’ ಎಂಬ ಪದದೊಳಗೆ ತುಂಬಿ ನಿಶ್ಚಿಂತರಾಗುತ್ತೇವೆ. ಅವರಿಗೆ ವಿನಯ ಇರುವುದು ಆರಂಭದಲ್ಲಿ: ಎದುರಿಗಿರುವವನು ಮನುಷ್ಯ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು, ಅನಂತರವೇ ಅವನಿಂದ ಏನನ್ನಾದರೂ ಬೇಡಬೇಕು.

ಮಾಂಟ್ರಿಯಲಿನಲ್ಲಿ ಈ ಪದಕ್ಕೆ ಮತ್ತೊಂದು ಭಾರವೂ ಇದೆ. ಈ ನಗರವಿರುವ ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚ್ ನುಡಿಯುವವರೇ ಬಹುಸಂಖ್ಯಾತರು. ಆದರೆ 1960ರ ದಶಕದವರೆಗೂ ವಾಣಿಜ್ಯದ ಬೀಗದಕೈ ಇಂಗ್ಲಿಷಿನವರ ಬಳಿಯಿತ್ತು. ಫ್ರೆಂಚರು ತಮ್ಮ ಊರಿನಲ್ಲೇ ಕೆಲಸ ಬೇಡಲು ಪರಭಾಷೆಯನ್ನು ಕಲಿಯಬೇಕಾಗಿತ್ತು. ಬಹಿರಂಗವಾಗಿ ಫ್ರೆಂಚ್ ಆಡಿದವರನ್ನು ‘ಸ್ಪೀಕ್ ವೈಟ್’, ಎಂದರೆ ಬಿಳಿಯರ ಮಾತನಾಡು, ಎಂದು ಗದರುವವರಿದ್ದರು. ಮಿಶೆಲ್ ಲಲೋಂದ್ ಎಂಬ ಕವಯಿತ್ರಿ 1968ರಲ್ಲಿ ಆ ಬೈಗುಳವನ್ನೇ ತನ್ನ ಕವಿತೆಯೊಂದರ ಶೀರ್ಷಿಕೆಯಾಗಿ ಮಾಡಿಕೊಂಡಳು. 1977ರ ಆಗಸ್ಟಿನಲ್ಲಿ, ರೆನೆ ಲೆವೆಕ್ ಪ್ರಧಾನಿಯಾಗಿದ್ದಾಗ, ಫ್ರೆಂಚ್ ಭಾಷೆಯ ಸನ್ನದು ಶಾಸನವಾಯಿತು. ಜನರ ಬಾಯಲ್ಲಿ ಅದು ‘101ನೆಯ ಕಾನೂನು’. ಅಂಗಡಿಯ ಫಲಕ, ಕಚೇರಿಯ ವ್ಯವಹಾರ, ವಲಸೆ ಬಂದವರ ಮಕ್ಕಳ ಶಾಲೆ, ಎಲ್ಲವೂ ಫ್ರೆಂಚಿಗೆ ಬಂದುವು. ಅಂಗಡಿಯ ಆ ಹುಡುಗಿ ‘101ರ ಮಕ್ಕಳು’ ಎಂದು ಕರೆಸಿಕೊಳ್ಳುವ ಪೀಳಿಗೆಯವಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಫ್ರೆಂಚು, ಬೀದಿಯಲ್ಲಿ ಎರಡರ ಜೊತೆಗೆ ಇಂಗ್ಲಿಷು.

ಇಂದು ನಗರದ ಅರ್ಧಕ್ಕಿಂತ ಹೆಚ್ಚು ಜನ ಇಂಗ್ಲಿಷ್ ಫ್ರೆಂಚ್ ಎರಡನ್ನೂ ಬಲ್ಲವರು. ಪೇಟೆಯ ನಡುವಿನ ಅಂಗಡಿಗಳಲ್ಲಿ ‘ಬೊಂಜೂರ್-ಹೈ’ ಎಂಬ ಜೋಡಿ ಸ್ವಾಗತ ಕೇಳಿಬರುತ್ತದೆ. ನೀವು ‘ಬೊಂಜೂರ್’ ಎಂದರೆ ಮಾತು ಫ್ರೆಂಚಿನಲ್ಲಿ ಸಾಗುತ್ತದೆ, ‘ಹೈ’ ಎಂದರೆ ಇಂಗ್ಲಿಷಿನಲ್ಲಿ. ಬಹಳ ಅನುಕೂಲದ ಏರ್ಪಾಡೆಂದು ನನಗೆ ತೋರಿತ್ತು. ಆದರೆ 2017ರ ನವೆಂಬರಿನಲ್ಲಿ ಪ್ರಾಂತದ ಶಾಸನಸಭೆ, ವರ್ತಕರು ಬರಿಯ ‘ಬೊಂಜೂರ್’ ಎನ್ನಲಿ ಎಂಬ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು! ನಿರ್ಣಯಕ್ಕೆ ಕಾನೂನಿನ ಬಲವಿಲ್ಲ, ಜೋಡಿ ಸ್ವಾಗತವೂ ನಿಂತಿಲ್ಲ. ಎರಡಕ್ಷರದ ‘ಹೈ’ ಒಂದು ಶಾಸನಸಭೆಯನ್ನು ಕದಲಿಸಿತಲ್ಲ ಎಂದು ನಗುವವರಿದ್ದಾರೆ. ಗೋಕಾಕ್ ವರದಿಗಾಗಿ 1982ರಲ್ಲಿ ಬೀದಿಗಿಳಿದ ನಾಡಿನವನಾದ ನನಗೆ ನಗು ಬರಲಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಎದುರಿನವನ ಮುಖ ನೋಡಿ, ಅವನು ಬಾಯಿ ತೆರೆಯುವ ಮೊದಲೇ ನಾವು ಭಾಷೆ ಬದಲಿಸಿಬಿಡುವುದು ನೆನಪಾಯಿತು.

ಹಾಗಾದರೆ ಫ್ರೆಂಚ್ ಬಾರದವನು ಏನು ಮಾಡಬೇಕು? ಬೊಂಜೂರ್ ಎಂದು, ಒಂದು ಗಳಿಗೆ ತಡೆದು, “ಪಾರ್ಲೆ-ವೂ ಆಂಗ್ಲೆ?”, ತಮಗೆ ಇಂಗ್ಲಿಷ್ ಬರುವುದೆ, ಎಂದು ಕೇಳಿದರೆ ಸಾಕು. ಬಹುಮಟ್ಟಿಗೆ ಎಲ್ಲರೂ ಸಂತೋಷದಿಂದ ಇಂಗ್ಲಿಷಿಗೆ ಬರುತ್ತಾರೆ. ಬರುವುದೆಂದು ಮೊದಲೇ ಹಕ್ಕು ಸಾಧಿಸುವುದು ಬೇರೆ, ಬರುವುದೆ ಎಂದು ಕೇಳುವುದು ಬೇರೆ.

ಒಂದು ವಿಷಯದಲ್ಲಿ ಮಾತ್ರ ಕನ್ನಡಿಗನಿಗೆ ಇಂಗ್ಲಿಷಿನವನಿಗಿಂತ ದಾರಿ ಸುಗಮ. ಫ್ರೆಂಚಿನಲ್ಲಿ ‘ತು’ ಎಂದರೆ ನೀನು, ‘ವೂ’ ಎಂದರೆ ನೀವು. ಏಕವಚನ ಬಹುವಚನಗಳ ಮರ್ಮವನ್ನು ನಮಗೆ ಯಾರೂ ವ್ಯಾಕರಣದಿಂದ ಕಲಿಸಬೇಕಾಗಿಲ್ಲ. ತಾಯಿಯನ್ನು ನೀನು ಎಂದು, ಎಷ್ಟೋ ಮನೆಗಳಲ್ಲಿ ತಂದೆಯನ್ನು ನೀವು ಎಂದು ಕರೆದು ಬೆಳೆದವರು ನಾವು. ಅಪರಿಚಿತರಿಗೆಲ್ಲ ‘ವೂ’; ಅವರೇ ‘ತು’ ಎನ್ನೋಣ ಎಂದ ಮೇಲೆ ‘ತು’. ಆದರೆ ಪ್ಯಾರಿಸಿಗಿಂತ ಕ್ವಿಬೆಕಿನವರು ಬೇಗನೆ ಏಕವಚನಕ್ಕೆ ಇಳಿಯುತ್ತಾರೆ. ಹೋಟೆಲಿನಲ್ಲಿ ಮೊಮ್ಮಗನ ವಯಸ್ಸಿನ ಹುಡುಗ ನನ್ನನ್ನು ‘ತು’ ಎಂದ. ಅದೂ ಅಲ್ಲಿಯ ಉಚ್ಚಾರಣೆಯಲ್ಲಿ ‘ತ್ಸು’ ಎಂದು ಸಿಡಿಯುತ್ತದೆ! ನನ್ನ ಹಳೆಯ ಮೇಷ್ಟರಿಕೆ ಹುಬ್ಬು ಗಂಟಿಕ್ಕಿತು. ಅದು ಅಗೌರವವಲ್ಲ, ಊರಿನ ಸಲುಗೆ ಎಂದು ಮಗಳು ಸಮಾಧಾನ ಹೇಳಿದಳು. ಹಾಗೆಂದು ನಾವೂ ಮೊದಲಿಗೆ ‘ತು’ ಎನ್ನಬಾರದು.

ಬಾಗಿಲುಗಳ ಮೇಲಿನ ಬರಹವೂ ನನ್ನನ್ನು ಕಾಡಿತು. ‘ತಿರೆ’ ಎಂದಿರುವ ಬಾಗಿಲನ್ನು ನಮ್ಮ ‘ತೆರೆ’ಯ ನೆನಪಿನಲ್ಲಿ ತಳ್ಳುತ್ತಿದ್ದೆ; ಅದನ್ನು ಎಳೆಯಬೇಕು. ‘ಪುಸೆ’ ಎಂದಿದ್ದರೆ ತಳ್ಳಬೇಕು. ಬರೆದಂತೆ ಓದುವ ಕನ್ನಡದ ಅಭ್ಯಾಸ ಫ್ರೆಂಚಿನಲ್ಲಿ ನಡೆಯದು. ಪದದ ಕೊನೆಯ ಅಕ್ಷರಗಳು ಎಷ್ಟೋ ಸಲ ಅಲಂಕಾರಕ್ಕಷ್ಟೇ ಇರುತ್ತವೆ. ರಸ್ತೆಯ ಕೆಂಪು ಫಲಕದ ಮೇಲೆ ‘ಅರೆ’, ಎಂದರೆ ನಿಲ್ಲು, ಎಂದಿರುತ್ತದೆ. ಸ್ವತಃ ಫ್ರಾನ್ಸ್ ದೇಶದಲ್ಲಿ ಅದೇ ಫಲಕದ ಮೇಲೆ ‘ಸ್ಟಾಪ್’ ಎಂಬ ಇಂಗ್ಲಿಷ್ ಪದವಿದೆ. ಭಯವಿಲ್ಲದವನು ಸಾಲ ಮಾಡುತ್ತಾನೆ. ಕ್ವಿಬೆಕಿಗೆ ಆ ನಿಶ್ಚಿಂತೆ ಇಲ್ಲ. ಆದರೂ ಇಂಗ್ಲಿಷು ಹಿತ್ತಿಲ ಬಾಗಿಲಿನಿಂದ ಬಂದೇ ಇದೆ. ನೀವು ‘ಮೆರ್ಸಿ’ ಎಂದರೆ ಅಲ್ಲಿಯವರು ‘ಬಿಯಾಂವೆನ್ಯು’ ಎನ್ನುತ್ತಾರೆ. ಅದು ‘ಯೂ ಆರ್ ವೆಲ್ಕಮ್’ ಎಂಬುದರ ನೇರ ಅನುವಾದ. ಪ್ಯಾರಿಸಿನವರು ಇದನ್ನು ಕೇಳಿ ಬೆರಗಾಗುತ್ತಾರೆ.

ಊಟದ ಹೆಸರುಗಳಲ್ಲಿ ನಾನು ಚೆನ್ನಾಗಿಯೇ ಎಡವಿದೆ. ನೆರೆಮನೆಯ ವೃದ್ಧೆಯೊಬ್ಬರು ಭಾನುವಾರ ‘ದಿನೆ’ಗೆ ಕರೆದರು. ನಾನು ಓದಿದ್ದ ಪುಸ್ತಕ ಫ್ರಾನ್ಸಿನದು. ಅದರಲ್ಲಿ ದಿನೆ ಎಂದರೆ ರಾತ್ರಿಯೂಟ. ಹೂಗುಚ್ಛ ಹಿಡಿದು ಸಂಜೆ ಏಳಕ್ಕೆ ಹೋದೆ. ಆಕೆ ಮಧ್ಯಾಹ್ನ ಹನ್ನೆರಡರಿಂದ ಕಾದಿದ್ದರು! ಕ್ವಿಬೆಕಿನಲ್ಲಿ ಬೆಳಗಿನ ಉಪಾಹಾರ ‘ದೆಜ್ಯೂನೆ’, ಮಧ್ಯಾಹ್ನದ ಊಟ ‘ದಿನೆ’, ರಾತ್ರಿಯದು ‘ಸುಪೆ’. ಆಕೆ ಬೇಸರಿಸದೆ ಅವರೆಯಂಥ ಕಾಳಿನ ಸಾರನ್ನು ಮತ್ತೆ ಬಿಸಿ ಮಾಡಿದರು. ಅದರಲ್ಲಿ ಮಾಂಸವಿದೆಯೆ ಎಂದು ಕೇಳಲು ನನಗೆ ಬಾಯಿಯಿಲ್ಲದಾಗಿತ್ತು; ಪುಣ್ಯಕ್ಕೆ ಮಗಳು ಮೊದಲೇ ತಿಳಿಸಿದ್ದಳು. ಸಸ್ಯಾಹಾರಿಗಳು ‘ಸಾಂ ವಿಯಾಂದ್’, ಮಾಂಸವಿಲ್ಲದೆ, ಎಂಬುದನ್ನು ಕಲಿತಿರಬೇಕು. ಅಲ್ಲಿಯ ಹೆಸರಾಂತ ‘ಪುತಿನ್’ ನೋಡಲು ಹುರಿದ ಆಲೂಗಡ್ಡೆ, ಗಿಣ್ಣಿನ ತುಣುಕು. ಮೇಲೆ ಸುರಿದ ಕಂದು ರಸ ಸಾಮಾನ್ಯವಾಗಿ ಮಾಂಸದ ಸಾರು.

ಉಳಿದ ಮಾತುಗಳು ಸಣ್ಣವು. ಮನೆಯೊಳಗೆ ಹೋಗುವಾಗ ನಮ್ಮಂತೆಯೇ ಪಾದರಕ್ಷೆ ಕಳಚಬೇಕು. ಬಸ್ಸಿಗೆ ಜನ ಹಿಮದಲ್ಲೂ ಸಾಲಾಗಿ ನಿಲ್ಲುತ್ತಾರೆ. ಮಧ್ಯೆ ತೂರಿದವನನ್ನು ಬೈಯುವುದಿಲ್ಲ, ನೋಡುತ್ತಾರೆ. ಅದು ಬೈಗುಳಕ್ಕಿಂತ ಕಷ್ಟ. ಹೋಟೆಲಿನ ಲೆಕ್ಕದಲ್ಲಿ ಎರಡು ತೆರಿಗೆ ಸೇರಿ ಶೇಕಡಾ 15ರಷ್ಟಾಗುತ್ತದೆ. ಬಡಿಸಿದವರ ಭಕ್ಷೀಸಿಗೂ ಅಷ್ಟನ್ನೇ ಇಡುವುದು ವಾಡಿಕೆ.

ಅಂಗಡಿಯ ಹುಡುಗಿಗೂ ನನಗೂ ಬರಬರುತ್ತ ಸ್ನೇಹವಾಯಿತು. ಆ ಮೊದಲ ದಿನ ನನ್ನನ್ನು ಯಾಕೆ ಕಾಯಿಸಿದೆ ಎಂದು ಒಮ್ಮೆ ಕೇಳಿದೆ. “ಅಂಕಲ್, ನಾನು ಹುಟ್ಟಿದ್ದು ಈ ಊರಿನಲ್ಲಿ” ಎಂದಳು. “ಬಿಳಿಯರ ಹುಡುಗಿ ಇಲ್ಲಿ ಕುಳಿತಿದ್ದರೆ ನೀವು ಹೇಗೋ ಕಷ್ಟಪಟ್ಟು ಬೊಂಜೂರ್ ಎನ್ನುತ್ತಿದ್ದಿರಿ. ನನ್ನ ಮುಖ ನೋಡಿದ ಕೂಡಲೆ ಎಲ್ಲರೂ ಇಂಗ್ಲಿಷಿಗೆ ತಿರುಗುತ್ತಾರೆ. ಯಾರಾದರೂ ಮೊದಲು ಬೊಂಜೂರ್ ಎಂದರೆ, ಇವಳು ಇಲ್ಲಿಯವಳು ಎಂದು ಒಪ್ಪಿದ ಹಾಗೆ.” ನಾನು ಉತ್ತರಿಸಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.

ಹೊರಡುವ ಹಿಂದಿನ ರಾತ್ರಿ ವಿದಾಯ ಹೇಳಲು ಅಂಗಡಿಗೆ ಹೋದೆ. ಆರು ತಿಂಗಳ ಸಾಧನೆಯೆಲ್ಲ ಒಂದಾಗಿ, ಬಾಗಿಲಿನಿಂದಲೇ ಗಟ್ಟಿಯಾಗಿ “ಬೊಂಜೂರ್, ಮದ್‌ಮುವಾಜೆಲ್” ಎಂದೆ. ಅವಳು ಗಡಿಯಾರದ ಕಡೆ ಕೈ ತೋರಿಸಿ ನಕ್ಕು, “ಬೊಂಸುವಾರ್, ಮೊಸ್ಯು” ಎಂದು ತಿದ್ದಿದಳು. ಕತ್ತಲಾದ ಮೇಲೆ ಹಾಗೆನ್ನಬೇಕಂತೆ.