ಅರಿವಿನ ಅರವಟ್ಟಿಗೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



1956ನೆಯ ಇಸವಿ ನವೆಂಬರ್ 1ರಂದು ಚದುರಿದ್ದ ಕನ್ನಡ ನಾಡು ಒಂದಾಯಿತು. ಹೊಟ್ಟೆಪಾಡಿಗೋ ವಿದ್ಯೆಗೋ ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರು ಆ ಎಲ್ಲೆಯ ಹೊರಗೇ ಉಳಿದೆವು. ಆದರೂ ವರ್ಷಕ್ಕೊಮ್ಮೆ ಹೀಗೆ ಕಲೆತು, ತಾಯ್ನಾಡನ್ನು ನೆನೆದು, ಹಾಡಿ, ಉಂಡು ಮನೆಗೆ ಮರಳುತ್ತೇವೆ. ಒಳ್ಳೆಯದೇ. ಆದರೆ ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳಲ್ಲಿ ನಾವು ಕನ್ನಡಕ್ಕಾಗಿ ಏನು ಮಾಡಬಲ್ಲೆವು? ಈ ಪ್ರಶ್ನೆಗೆ ಒಂದು ಉತ್ತರವನ್ನು ತಮ್ಮ ಮುಂದಿಡುವುದು ಈ ಹೊತ್ತಿನ ನಮ್ಮ ಉದ್ದೇಶ.

ನಮ್ಮ ಮನೆಗಳನ್ನೇ ನೋಡೋಣ. ಮಕ್ಕಳಿಗೆ ಅಡುಗೆಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಗ್ರಹಣವೇಕೆ ಆಗುತ್ತದೆ, ಹಂಪೆಯನ್ನು ಕಟ್ಟಿದವರಾರು ಎಂಬ ಸಂದೇಹ ಬಂದರೆ ಅವರು ಕೇಳುವುದು ಕೈಯಲ್ಲಿರುವ ಫೋನನ್ನು, ಕೇಳುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೇಳಿದರೆ ಎಷ್ಟೋ ವೇಳೆ ತಕ್ಕ ಉತ್ತರ ಸಿಗುವುದಿಲ್ಲ. ಉತ್ತರ ಕೊಡದ ಭಾಷೆಯಲ್ಲಿ ಮಗು ಎಷ್ಟು ದಿನ ಪ್ರಶ್ನೆ ಕೇಳೀತು? ಹೀಗೇ ಸಾಗಿದರೆ ಕನ್ನಡವು ಅಜ್ಜಿಯೊಡನೆ ಆಡುವ ಮಾತಾಗಿ ಉಳಿದು, ಅಜ್ಜಿಯೊಡನೆಯೇ ಹೊರಟುಹೋದೀತು. ಇದು ನಮ್ಮ ಚಿಂತೆ.

ಅಂತರಜಾಲದಲ್ಲಿ ವಿಕಿಪೀಡಿಯ ಎಂಬ ವಿಶ್ವಕೋಶವಿರುವುದನ್ನು ತಾವೆಲ್ಲ ಬಲ್ಲಿರಿ. 2001ರಲ್ಲಿ ಇಂಗ್ಲಿಷಿನಲ್ಲಿ ಮೊದಲಾದ ಇದು 2003ರಲ್ಲಿ ಕನ್ನಡಕ್ಕೂ ಬಂತು. ಇದನ್ನು ಬರೆಯುವವರಿಗೆ ಸಂಬಳವಿಲ್ಲ, ಓದುವವರಿಗೆ ಶುಲ್ಕವಿಲ್ಲ. ಬೇಸಗೆಯಲ್ಲಿ ನಮ್ಮೂರ ದಾರಿಬದಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರಷ್ಟೆ. ಬಂದವರ ಕುಲಗೋತ್ರ ಕೇಳದೆ ನೀರು ಕೊಡುವುದು ಅದರ ಧರ್ಮ. ವಿಕಿಪೀಡಿಯವೂ ಅಂಥದೊಂದು ಅರಿವಿನ ಅರವಟ್ಟಿಗೆ. ಅಲ್ಲಿರುವ ಬರಹವನ್ನು ಯಾರೂ ಓದಬಹುದು, ನಕಲು ಮಾಡಬಹುದು, ತಿದ್ದಿ ಬೆಳೆಸಬಹುದು, ಅಚ್ಚು ಹಾಕಿ ಮಾರಲೂಬಹುದು. ಮೂಲವನ್ನು ಸ್ಮರಿಸಬೇಕು, ತಾನು ಬೆಳೆಸಿದ್ದನ್ನೂ ಅದೇ ರೀತಿ ಎಲ್ಲರಿಗೂ ಬಿಟ್ಟುಕೊಡಬೇಕು. ಇವೇ ಅದರ ಮುಖ್ಯ ಕರಾರುಗಳು.

ಆದರೆ ನಮ್ಮ ಅರವಟ್ಟಿಗೆಯ ಕೊಡ ಇನ್ನೂ ತುಂಬಿಲ್ಲ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಹೇಳಿದವರು ಸುಮಾರು 4 ಕೋಟಿ 37 ಲಕ್ಷ. ಮಲೆಯಾಳವನ್ನು ಹೇಳಿದವರು ಸುಮಾರು 3 ಕೋಟಿ 48 ಲಕ್ಷ. ಆದರೂ ಮಲೆಯಾಳದ ವಿಕಿಪೀಡಿಯದಲ್ಲಿ 80 ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ. ಕನ್ನಡದಲ್ಲಿ 30 ಸಾವಿರವನ್ನು ದಾಟಿ ಸ್ವಲ್ಪ ಮುಂದೆ ನಿಂತಿದ್ದೇವೆ. ಜನಬಲ ನಮ್ಮದು ಹೆಚ್ಚು, ಕೈಗಳು ಕಡಮೆ.

ಹಾಗೆಂದು ಈ ಕೆಲಸ ಕನ್ನಡಿಗರ ರಕ್ತಕ್ಕೆ ಹೊಸದೇನಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಬಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಡವೋಲೆಗಳನ್ನು ಕೂಡಿಹಾಕಿದರು. ಅವನ್ನು ಅಚ್ಚು ಮಾಡಲು ಮನೆ ಮಾರಿ ಮುದ್ರಣಾಲಯ ಹೂಡಿದರು. ಇನ್ನು ನಮ್ಮ ರೈತರ ಮುಯ್ಯಾಳು ಪದ್ಧತಿಯನ್ನು ನೆನೆಯಿರಿ. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಒಬ್ಬ ಬರೆದ ಲೇಖನವನ್ನು ಇನ್ನೊಬ್ಬ ತಿದ್ದಿ, ಮತ್ತೊಬ್ಬ ಚಿತ್ರ ಸೇರಿಸುವ ಈ ಹೊಸ ಕೆಲಸವೂ ಮುಯ್ಯಾಳಿನದೇ.

ಹೊರನಾಡ ಕನ್ನಡಿಗರಿಗಂತೂ ಇದರಲ್ಲಿ ವಿಶೇಷ ಹಕ್ಕಿದೆ. ಗಣಕದಲ್ಲಿ ಕನ್ನಡವನ್ನು ಸುಲಭವಾಗಿ ಮೂಡಿಸುವ ಕೀಲಿಮಣೆ ವಿನ್ಯಾಸವನ್ನು ಕೊಟ್ಟ ಕೆ. ಪಿ. ರಾಯರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. 1996ರಲ್ಲಿ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಹೊರತಂದ ಯು. ಬಿ. ಪವನಜ ಅವರು ಇಲ್ಲಿನ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿದ್ದವರು. ದೂರವಿದ್ದುದು ಅವರಿಗೆ ಅಡ್ಡಿಯಾಗಲಿಲ್ಲ.

ಕೊಟ್ಟವರ ಕೈಯೂ ಸಣ್ಣದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಮುಕ್ತ ಬಳಕೆಗೆ ನೀಡಲು ಮುಂದೆ ಬಂತು. 2014ರಲ್ಲಿ ನಿರಂಜನರ 55 ಪುಸ್ತಕಗಳು ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದವು. ವಿ. ಕೃಷ್ಣ ಅವರು ಹಲವು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ, ಸುಮಾರು ಒಂದೂವರೆ ಲಕ್ಷ ನಮೂದುಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಇಂದು ಯಾರಿಗೂ ಸಿಗುತ್ತದೆ.

ಇನ್ನೊಂದು ಸಂತೋಷದ ಸಂಗತಿ. ನಮ್ಮ ದೇಶದ ಕಾಯಿದೆಯಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದ ಮೊದಲಿನಿಂದ 60 ವರ್ಷ ಕಳೆದರೆ ಅವರ ಕೃತಿಗಳು ಸರ್ವರ ಸೊತ್ತು. ಕರ್ನಾಟಕ ಕುಲಪುರೋಹಿತ ಆಲೂರ ವೆಂಕಟರಾಯರೂ ಹಳಕಟ್ಟಿಯವರೂ 1880ರಲ್ಲಿ ಹುಟ್ಟಿದವರು, ಇಬ್ಬರೂ 1964ರಲ್ಲಿ ನಮ್ಮನ್ನಗಲಿದರು. ಆದುದರಿಂದ ಅವರು ಬಾಳಿರುವಾಗ ಪ್ರಕಟಿಸಿದ ಬರಹಗಳು 2025ರ ಜನವರಿ 1ರಿಂದ ಮುಕ್ತವಾಗಿವೆ. ನಾಡು ಒಂದಾಗಲೆಂದು ಬರೆದವರ ಮಾತನ್ನು ನಾಡಿನವರಿಗೆಲ್ಲ ತಲಪಿಸಲು ಇನ್ನು ಯಾರ ಅಪ್ಪಣೆಯೂ ಬೇಡ. ಹೊಸ ಮುದ್ರಣಗಳ ಮುನ್ನುಡಿ ಟಿಪ್ಪಣಿಗಳಿಗೆ ಬೇರೆ ಹಕ್ಕು ಇರಬಹುದು. ಅದಕ್ಕಾಗಿ ಹಳೆಯ ಮುದ್ರಣವನ್ನೇ ಆರಿಸಬೇಕು.

ಈಗ ನಮ್ಮ ಪಾಲಿನ ಕೆಲಸಕ್ಕೆ ಬರೋಣ.

ಮೊದಲನೆಯದು, ಹಳೆಯ ಪುಸ್ತಕಗಳನ್ನು ಉಳಿಸುವುದು. ವಿಕಿಪೀಡಿಯದ ತಂಗಿಯಾದ ವಿಕಿಸೋರ್ಸ್ ಎಂಬುದಿದೆ. ಅಲ್ಲಿ ಒಂದು ಬದಿಗೆ ಪುಸ್ತಕದ ಪುಟದ ಚಿತ್ರ, ಇನ್ನೊಂದು ಬದಿಗೆ ಅಕ್ಷರರೂಪ. ತಿದ್ದದ ಪುಟಕ್ಕೆ ಕೆಂಪು ಗುರುತು. ಒಬ್ಬರು ಕರಡು ತಿದ್ದಿದರೆ ಅದು ಹಳದಿ. ಎರಡನೆಯವರು ಮತ್ತೆ ನೋಡಿ ಒಪ್ಪಿದರೆ ಹಸಿರು. ಒತ್ತಕ್ಷರ ತಪ್ಪಿದರೆ ಥಟ್ಟನೆ ಕಣ್ಣಿಗೆ ಬೀಳುವ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಿವೃತ್ತಿಯ ಮಧ್ಯಾಹ್ನಗಳಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಯಾವುದು?

ಎರಡನೆಯದು, ಈ ನಗರದ ಕನ್ನಡ ಬಾಳಿನ ಕಥೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ಹುಡುಗರು, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ನಿನಂಥ ಸಂಸ್ಥೆಗಳು, ಇಲ್ಲಿ ಆಡಿದ ನಾಟಕ ಯಕ್ಷಗಾನಗಳು, ಇವನ್ನು ನಾವು ಬರೆಯದಿದ್ದರೆ ಬೇರೆ ಯಾರು ಬರೆದಾರು? ಆದರೆ ವಿಶ್ವಕೋಶವು ಬಾಯಿಮಾತನ್ನು ಒಪ್ಪುವುದಿಲ್ಲ; ಅಚ್ಚಾದ ಆಧಾರ ಕೇಳುತ್ತದೆ. ಆ ಆಧಾರ ಎಲ್ಲಿದೆ? ನಮ್ಮ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿರುವ ಹಳೆಯ ಪತ್ರಿಕೆ, ಸ್ಮರಣ ಸಂಚಿಕೆಗಳಲ್ಲಿದೆ. ಹಿರಿಯರೊಬ್ಬರು ತೀರಿಕೊಂಡು ಮನೆ ಬದಲಾಯಿಸುವಾಗ ಅವು ರದ್ದಿಗೆ ಹೋಗುತ್ತವೆ. ದಯವಿಟ್ಟು ರದ್ದಿಗೆ ಹಾಕುವ ಮುನ್ನ ಒಮ್ಮೆ ಸಂಘಕ್ಕೆ ತಿಳಿಸಿ. ಬರೆದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು ಅವುಗಳ ಪುಟಪುಟದ ಚಿತ್ರ ತೆಗೆದಿಡೋಣ.

ಮೂರನೆಯದು, ಮಕ್ಕಳಿಗೆ ಬೇಕಾದ ವಿಷಯಗಳು. ವೈದ್ಯರು ರೋಗದ ಬಗ್ಗೆ, ಬ್ಯಾಂಕಿನವರು ಬಡ್ಡಿಯ ಬಗ್ಗೆ, ಎಂಜಿನಿಯರರು ಸೇತುವೆಯ ಬಗ್ಗೆ ತಿಳಿಗನ್ನಡದಲ್ಲಿ ಒಂದೊಂದು ಲೇಖನ ಬರೆಯಲಿ. ಹೊಗಳಿಕೆ ಬೇಡ, ಬೇರೆಯವರ ಬರಹದ ನಕಲು ಬೇಡ. ಹೇಳಿದ್ದಕ್ಕೆ ಆಧಾರವಿದ್ದರೆ ಸಾಕು.

“ಈಗ ಯಂತ್ರವೇ ಅನುವಾದ ಮಾಡಿಕೊಡುತ್ತದಲ್ಲ, ನಾವೇಕೆ ಶ್ರಮಪಡಬೇಕು?” ಎಂದು ಕೆಲವರು ಕೇಳುತ್ತಾರೆ. ಯಂತ್ರವು ಕನ್ನಡ ಕಲಿಯುವುದು ಮನುಷ್ಯರು ಬರೆದಿಟ್ಟ ಕನ್ನಡದಿಂದ. ಬಾವಿಯಲ್ಲಿದ್ದರೆ ತಾನೇ ಕೊಡಕ್ಕೆ ಬರುವುದು? ನಾವು ಬರೆದದ್ದು ಕಡಮೆಯಾದರೆ ಅದರ ಕನ್ನಡವೂ ತೊದಲುತ್ತದೆ.

ಕೊನೆಯದಾಗಿ ನಮ್ಮ ಸೂಚನೆ ಇಷ್ಟೆ. ಪ್ರತಿ ತಿಂಗಳೂ ಒಂದು ಭಾನುವಾರ ಸಂಘದ ಗ್ರಂಥಾಲಯದಲ್ಲಿ ಎರಡು ಗಂಟೆ ಕೂಡೋಣ. ಅಜ್ಜನಿಗೆ ಕನ್ನಡ ಚೆನ್ನಾಗಿ ಗೊತ್ತು, ಕೀಲಿಮಣೆ ಗೊತ್ತಿಲ್ಲ. ಮೊಮ್ಮಗಳಿಗೆ ಕೀಲಿಮಣೆ ಗೊತ್ತು, ಕನ್ನಡ ಅಷ್ಟಕ್ಕಷ್ಟೆ. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಪುಟವೂ ತಿದ್ದಿದಂತಾಯಿತು, ಮಗುವಿಗೆ ಅಕ್ಷರವೂ ಬಂದಂತಾಯಿತು. ಮುಂದಿನ ರಾಜ್ಯೋತ್ಸವದೊಳಗೆ ಒಂದು ಹಳೆಯ ಪುಸ್ತಕವನ್ನಾದರೂ ಹಸಿರು ಗುರುತಿಗೆ ತರುವ ಸಂಕಲ್ಪ ಮಾಡೋಣ. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂದು ಹಿರಿಯರು ಹೇಳಿಲ್ಲವೆ? ಇಂದು ಹೊರಡುವ ಮುನ್ನ ಬಾಗಿಲ ಬಳಿಯಿರುವ ಪುಸ್ತಕದಲ್ಲಿ ತಮ್ಮ ಹೆಸರು ಬರೆದು ಹೋಗಬೇಕೆಂದು ಕೈಮುಗಿದು ಬೇಡುತ್ತೇವೆ.

ಜೈ ಕರ್ನಾಟಕ.