ಹೀಟರ್ ಕಾಯಿಲ್‌ಗೆ ಟೈಮರ್: ಕೊಳ್ಳುವ ಮುನ್ನ, ಜೋಡಿಸುವ ಮುನ್ನ

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ದನದ ಡಾಕ್ಟರು ಕೆಚ್ಚಲುಬಾವಿನ ಬಗ್ಗೆಯೋ ಕಾಲುಬಾಯಿ ಲಸಿಕೆಯ ಬಗ್ಗೆಯೋ ಮಾತನಾಡುತ್ತಾರೆಂದು ನೀವು ಬಂದಿದ್ದೀರಿ. ನಾನು ನೀರು ಕಾಯಿಸುವ ಕಾಯಿಲ್ ವಿಷಯ ಹೇಳಲು ನಿಂತಿದ್ದೇನೆ. ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನಿಂದ ಬೆಳ್ಳಂಬೆಳಗ್ಗೆ ಕರೆ ಬಂತು. ಹೋಗಿ ನೋಡಿದರೆ ಎರಡನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು ಕೊಟ್ಟಿಗೆಯಲ್ಲಿ ಸತ್ತು ಬಿದ್ದಿತ್ತು. ಅಗಿಯುತ್ತಿದ್ದ ಹುಲ್ಲು ಬಾಯಲ್ಲಿ ಹಾಗೇ ಇತ್ತು. ಮೂತಿಯ ಮೇಲೆ ಸಣ್ಣದೊಂದು ಸುಟ್ಟ ಕಲೆ. ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಕಾಯಿಲ್. “ಟೈಮರ್ ಆಫ್ ಆಗಿತ್ತು ಸ್ವಾಮಿ, ನಾನೇ ನೋಡಿದ್ದೆ” ಎಂದು ಆ ರೈತರು ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ಹೇಳಿದ್ದು ನಿಜವೇ ಆಗಿತ್ತು. ಆಮೇಲೆ ವೈರಿಂಗ್ ನೋಡಿಸಿದಾಗ ಗೊತ್ತಾಯಿತು: ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಅದಲುಬದಲಾಗಿದ್ದವು. ಟೈಮರ್ ಕಡಿದದ್ದು ನ್ಯೂಟ್ರಲ್ಲನ್ನು. ನೀರು ಕಾಯುವುದು ನಿಂತಿತು, ಆದರೆ ಕಾಯಿಲ್‌ನಲ್ಲಿ 230 ವೋಲ್ಟ್ ಹಾಗೆಯೇ ನಿಂತಿತ್ತು. ಕಾಯಿಲ್‌ನ ಕೊಳವೆ ಬಿರುಕು ಬಿಟ್ಟಿತ್ತು, ಅರ್ಥಿಂಗ್ ಇರಲಿಲ್ಲ. ಹಸು ಹಗ್ಗ ಎಳೆದುಕೊಂಡು ನೀರಿಗೆ ಮೂತಿ ಇಟ್ಟಿದೆ, ಅಷ್ಟೇ. ಆ ಮನೆಯ ತಾಯಿ ಇನ್ನೊಂದು ನಿಮಿಷಕ್ಕೆ ಅದೇ ನೀರಿಗೆ ಚೊಂಬು ಅದ್ದುವವರಿದ್ದರು.

ನಮ್ಮ ಕಾಲಲ್ಲಿ ಚಪ್ಪಲಿಯಾದರೂ ಇರುತ್ತದೆ. ಹಸು ಗಂಜಲದಲ್ಲಿ ನೆನೆದ ನೆಲದ ಮೇಲೆ ನಾಲ್ಕು ಗೊರಸು ಊರಿ ನಿಂತಿರುತ್ತದೆ. ನಾಲ್ಕೈದು ವೋಲ್ಟ್ ಸೋರಿದರೂ ಅದಕ್ಕೆ ತಿಳಿಯುತ್ತದೆ. ತೊಟ್ಟಿಗೆ ಬಾಯಿಡಲು ಹಿಂಜರಿಯುತ್ತದೆ, ಕರೆಯುವಾಗ ಒದೆಯುತ್ತದೆ, ಹಾಲು ಸರಿಯಾಗಿ ಬಿಡುವುದಿಲ್ಲ. ನಾವು ಹಿಂಡಿ ಸರಿಯಿಲ್ಲ ಎಂದು ಬೈಯುತ್ತೇವೆ.

ಟೈಮರ್ ಬೇಡ ಎನ್ನುತ್ತಿಲ್ಲ. ಹಾಲು ಕರೆಯಲು ಕುಳಿತವರಿಗೆ ಕಾಯಿಲ್ ಮರೆತುಹೋಗುವುದು ಸಹಜ. ಆದರೆ ಯಾವ ಟೈಮರ್ ಎಂದು ನೋಡಬೇಕು. 1500 ವ್ಯಾಟ್ ಕಾಯಿಲ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ಟು ಅದಕ್ಕೆ ಸಾಲದು. ಟೈಮರ್ ಮೇಲೆ 250 ವೋಲ್ಟ್, 16 ಆಂಪಿಯರ್ ಎಂದಿರಲಿ. ಕೆಲವುದರ ಮೇಲೆ 16(2) ಎಂದು ಬರೆದಿರುತ್ತದೆ. ಹೊರಗಿನ ಅಂಕಿ ಹೀಟರಿನಂಥವಕ್ಕೆ, ಕಂಸದೊಳಗಿನದು ಮೋಟಾರಿಗೆ. ಅದನ್ನೇ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿಸಬೇಡಿ. ಅಗ್ಗದ, ಕಡಿಮೆ ಆಂಪಿಯರಿನ ಟೈಮರಿನಲ್ಲಿ ಒಳಗಿನ ಪಾಯಿಂಟು ಕರಗಿ ಅಂಟಿಕೊಂಡರೆ, ಮುಳ್ಳು ಆಫ್ ತೋರಿಸುತ್ತದೆ, ಕಾಯಿಲ್ ಕಾಯುತ್ತಲೇ ಇರುತ್ತದೆ.

ದಿನಕ್ಕೊಮ್ಮೆ ತಾನಾಗಿ ಆನ್ ಆಗುವ ಟೈಮರನ್ನು ಬಕೆಟ್ಟಿನ ಕಾಯಿಲ್‌ಗೆ ಹಾಕಲೇಬೇಡಿ. ಕರೆಂಟಿನಿಂದ ತಿರುಗುವ ಗಡಿಯಾರ ಎರಡು ಗಂಟೆ ಕರೆಂಟು ಹೋದರೆ ಎರಡು ಗಂಟೆ ಹಿಂದೆ ಬೀಳುತ್ತದೆ. ಐದಕ್ಕೆ ಆಗಬೇಕಾದ್ದು ಏಳಕ್ಕೆ ಆನ್ ಆಗುತ್ತದೆ. ಆ ಹೊತ್ತಿಗೆ ಬಕೆಟ್ಟು ಬರಿದಾಗಿದ್ದರೆ ಕಾಯಿಲ್ ಒಡೆಯುತ್ತದೆ, ಮಗು ಕೈಹಾಕಿದ್ದರೆ ಹೇಳುವುದೇ ಬೇಡ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಗೋಡೆಗೆ ಕೂರಿಸಿದ ಗೀಸರಿಗೆ ಸರಿ. ಕಾಯಿಲ್‌ಗೆ ಕೈಯಿಂದ ತಿರುಗಿಸಿ ಬಿಡುವ ಸ್ಪ್ರಿಂಗ್ ಟೈಮರೇ ನನ್ನ ಮಟ್ಟಿಗೆ ಉತ್ತಮ. ಅದಕ್ಕೆ ಆರಿಸುವುದೊಂದೇ ಗೊತ್ತು. ಕರೆಂಟು ಹೋದಾಗಲೂ ಅದು ಓಡುತ್ತಿರುತ್ತದೆ, ನೀರು ಉಗುರುಬೆಚ್ಚಗೆ ಉಳಿದೀತು. ಇನ್ನೊಮ್ಮೆ ತಿರುಗಿಸಿದರಾಯಿತು.

ಎಷ್ಟು ಹೊತ್ತಿಗೆ ಇಡಬೇಕು? 15 ಲೀಟರ್ ನೀರು 20 ಡಿಗ್ರಿಯಿಂದ 50ಕ್ಕೆ ಏರಲು 1500 ವ್ಯಾಟ್ ಕಾಯಿಲ್‌ಗೆ 20ರಿಂದ 25 ನಿಮಿಷ ಸಾಕು. ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಖರ್ಚು.

ವೈರಿಂಗ್ ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ. ಹತ್ತಿರ ನಿಂತು ಇಷ್ಟು ಕೇಳಿ: 2.5 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಮೂರು ಪಿನ್ನಿನ ಸಾಕೆಟ್ಟು, ನಿಜವಾದ ಅರ್ಥಿಂಗ್ ಗುಂಡಿ, ಮತ್ತು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಈ ಕೊನೆಯದನ್ನು ದುಬಾರಿ ಎಂದು ಬಿಡುವವರೇ ಹೆಚ್ಚು. ಕರೆಂಟು ಸೋರಿದ ಕ್ಷಣದಲ್ಲಿ ಲೈನನ್ನೇ ಕಡಿಯುವುದು ಅದು. ಟೈಮರ್ ಆ ಕೆಲಸ ಮಾಡುವುದಿಲ್ಲ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಸಾಕೆಟ್ಟನ್ನು ದನದ ಮೂತಿಗೂ ಮಕ್ಕಳ ಕೈಗೂ ಎಟುಕದ ಎತ್ತರದಲ್ಲಿ, ಕೊಟ್ಟಿಗೆಯ ಹೊರಗೆ ಹಾಕಿಸಿ.

ಇನ್ನು ಟೆಸ್ಟರ್ ಪರೀಕ್ಷೆ. ದಪ್ಪ ಅರ್ಥ್ ತೂತು ಮೇಲಿರುವಂತೆ ಎದುರು ನಿಂತರೆ, ಸಾಕೆಟ್ಟಿನ ಬಲತೂತಿನಲ್ಲಿ ದೀಪ ಹತ್ತಬೇಕು. ಎಡಕ್ಕೆ ಹತ್ತಿದರೆ ತಂತಿ ತಿರುವುಮುರುವಾಗಿದೆ. ಆಮೇಲೆ ಕಾಯಿಲ್ ಸಿಕ್ಕಿಸದೆ, ಟೈಮರ್ ಆಫ್ ಮಾಡಿ ಅದರ ಎರಡೂ ತೂತು ನೋಡಿ. ಯಾವುದರಲ್ಲೂ ಹತ್ತಬಾರದು. ಎರಡೂ ಸರಿಯಿದ್ದರೂ, ನೀರು ಮುಟ್ಟುವ ಮೊದಲು ಪ್ಲಗ್ಗನ್ನೇ ಕಿತ್ತು, ಕಾಯಿಲ್ ಹೊರಗೆ ತೆಗೆಯಿರಿ.

ಟೆಸ್ಟರ್ ನನ್ನ ಜೇಬಿನಲ್ಲೇ ಇದೆ. ಚಹಾ ಕುಡಿದ ಮೇಲೆ ಈ ಸಂಘದ ಕ್ಯಾನು ತೊಳೆಯುವ ಕೋಣೆಯ ಸಾಕೆಟ್ಟಿನಿಂದಲೇ ಶುರುಮಾಡೋಣ, ಬನ್ನಿ.